ತಯಾರಿ ನಿಂತ ಪಿಸ್ತೂಲ್‌ಗೆ ಬಿಡಿಭಾಗ ಎಲ್ಲಿಂದ? ಬ್ರೌನಿಂಗ್ ಹೈ-ಪವರ್ ಬಗ್ಗೆ ಗೊತ್ತಿರಬೇಕಾದ್ದು

ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್ ಬಂತು ಅಂದ್ರೆ ಕೊಡಗಿನ ಮನೆಗಳಲ್ಲಿ ಕೋವಿಗಳು ಕೆಳಗಿಳಿಯುತ್ತವೆ. ಒರೆಸಿ, ಎಣ್ಣೆ ಹಚ್ಚಿ, ತೋಕ್‌ಪೂ ಸಿಕ್ಕಿಸಿ ಪೂಜೆಗೆ ಇಡ್ತಾರೆ. ಆಗಲೇ ಕೆಲವರ ಕಣ್ಣಿಗೆ ಬೀಳೋದು: ಸ್ಪ್ರಿಂಗ್ ಸಡಿಲ ಆಗಿದೆ, ಕುದುರೆ ಸರಿಯಾಗಿ ನಿಲ್ತಿಲ್ಲ, ಒಂದು ಪಿನ್ ಕಾಣೆ. ಮಾಡಿದ ಕಂಪನಿ ಬಾಗಿಲು ಹಾಕಿ ಎಷ್ಟೋ ವರ್ಷ ಆಗಿರುತ್ತೆ. ಬಿಡಿಭಾಗ ಎಲ್ಲಿ ಹುಡುಕೋದು?

ಇದು ಕೊಡಗಿನ ಮನೆಗಳ ಸಮಸ್ಯೆ ಮಾತ್ರ ಅಲ್ಲ. ದೊಡ್ಡ ದೊಡ್ಡ ಸೇನೆಗಳೂ ಇದೇ ಪ್ರಶ್ನೆ ಎದುರಿಸಿವೆ. ಅದಕ್ಕೆ ಒಳ್ಳೆ ಉದಾಹರಣೆ ಬ್ರೌನಿಂಗ್ ಹೈ-ಪವರ್ ಅನ್ನೋ ಪಿಸ್ತೂಲ್. ಪ್ಲಾಸ್ಟಿಕ್ ಬಾಡಿ ಬರೋದಕ್ಕೆ ಮುಂಚಿನ, ಪೂರ್ತಿ ಉಕ್ಕಿನ, ಸೆಮಿ-ಆಟೊಮ್ಯಾಟಿಕ್ ಪಿಸ್ತೂಲ್ ಇದು. ಹೆಸರು ಹೊಸದು ಅನ್ನಿಸಿದರೂ ಸೇನೆಯಿಂದ ನಿವೃತ್ತರಾಗಿ ಬಂದವರಿಗೆ ಇದರ ರೂಪ ಗೊತ್ತು. ನಮ್ಮ ಸೇನೆಯ '9 ಎಂ.ಎಂ. 1ಎ' ಪಿಸ್ತೂಲ್ ಇದೇ ವಂಶದ್ದು.

ಒಂದೇ ನೋಟದಲ್ಲಿ

- ಹೆಸರು: ಬ್ರೌನಿಂಗ್ ಹೈ-ಪವರ್. ಪಿ-35, ಜಿಪಿ-35 ಅಂತಲೂ ಕರೀತಾರೆ
- ಮೂಲ ತಯಾರಕರು: ಎಫ್.ಎನ್. ಕಂಪನಿ, ಹೆರ್ಸ್ಟಾಲ್, ಬೆಲ್ಜಿಯಂ
- ಸೇನೆಗೆ ಸೇರಿದ್ದು: 1935, ಬೆಲ್ಜಿಯಂನಲ್ಲಿ
- ಗುಂಡು: ಹೆಚ್ಚಿನವು 9 ಎಂ.ಎಂ.
- ಮ್ಯಾಗಜಿನ್: ಮೂಲದಲ್ಲಿ 13 ಗುಂಡು
- ಎಫ್.ಎನ್. ಹಳೇ ಮಾದರಿ ನಿಲ್ಲಿಸಿದ್ದು: 2018ರ ಹೊತ್ತಿಗೆ
- ಭಾರತದ ರೂಪ: ಪಿಸ್ತೂಲ್ ಆಟೊ 9 ಎಂ.ಎಂ. 1ಎ, ಇಷಾಪುರ ರೈಫಲ್ ಫ್ಯಾಕ್ಟರಿ, ಪಶ್ಚಿಮ ಬಂಗಾಳ

ಹುಟ್ಟಿದ ಕಥೆ

ಜಾನ್ ಬ್ರೌನಿಂಗ್ ಅಮೆರಿಕದವರು. ಫ್ರಾನ್ಸ್ ಸೇನೆಗೆ ಹೆಚ್ಚು ಗುಂಡು ಹಿಡಿಯೋ ಪಿಸ್ತೂಲ್ ಬೇಕಾಗಿತ್ತು. ಆ ಬೇಡಿಕೆ ನೋಡಿ ಎಫ್.ಎನ್. ಪರವಾಗಿ ಬ್ರೌನಿಂಗ್ ಕೆಲಸ ಶುರು ಮಾಡಿದರು. ಆದರೆ 1926ರ ನವೆಂಬರ್‌ನಲ್ಲಿ ಲೀಜ್ ಬಳಿಯ ಅದೇ ಕಾರ್ಖಾನೆಯಲ್ಲಿ ಅವರು ತೀರಿಕೊಂಡರು. ಉಳಿದ ಕೆಲಸ ಮುಗಿಸಿದ್ದು ಎಫ್.ಎನ್.ನ ಡಿಸೈನರ್ ಡಿಯುಡೊನೆ ಸೈವ್. ಮ್ಯಾಗಜಿನ್‌ನಲ್ಲಿ ಗುಂಡುಗಳನ್ನು ಒಂದೇ ಸಾಲಾಗಿ ಇಡದೆ ಎಡ-ಬಲ ಜೋಡಿಸಿದ್ದು ಅವರ ದೊಡ್ಡ ಕೊಡುಗೆ. ಇದರಿಂದ ಹಿಡಿ ತೀರಾ ದಪ್ಪ ಆಗದೆ 13 ಗುಂಡು ಹಿಡೀತು. ಆ ಕಾಲಕ್ಕೆ ಅದು ಬಹಳ ಹೆಚ್ಚು.

ಕೊನೆಗೆ ಫ್ರಾನ್ಸ್ ಇದನ್ನ ತಗೊಳ್ಳಲೇ ಇಲ್ಲ. ಬೆಲ್ಜಿಯಂ ತಗೊಂಡಿತು.

ಒಂದೇ ಪಿಸ್ತೂಲ್, ಹಲವು ದೇಶ

ಬಿಡಿಭಾಗದ ತಲೆನೋವು ಶುರು ಆಗೋದೇ ಇಲ್ಲಿಂದ. ಆದ್ದರಿಂದ ಈ ಭಾಗ ಸ್ವಲ್ಪ ಗಮನ ಇಟ್ಟು ಓದಬೇಕು.

1940ರಲ್ಲಿ ಜರ್ಮನಿ ಬೆಲ್ಜಿಯಂ ಹಿಡಿದುಕೊಂಡಿತು. ಕಾರ್ಖಾನೆ ಅವರ ಕೈಗೆ ಹೋಯಿತು. ಅಲ್ಲೇ ಜರ್ಮನ್ ಸೇನೆಗಾಗಿ 3 ಲಕ್ಷಕ್ಕೂ ಹೆಚ್ಚು ಪಿಸ್ತೂಲ್ ತಯಾರಾದವು. ಯುದ್ಧ ಮುಂದುವರಿದ ಹಾಗೆ ಫಿನಿಶಿಂಗ್ ಕೆಟ್ಟಿತು.

ಅತ್ತ ತಪ್ಪಿಸಿಕೊಂಡು ಬಂದ ಎಫ್.ಎನ್. ಇಂಜಿನಿಯರ್‌ಗಳ ನೆರವಿನಿಂದ ಕೆನಡಾದ ಟೊರೊಂಟೊದಲ್ಲಿ ಜಾನ್ ಇಂಗ್ಲಿಸ್ ಕಂಪನಿ ಇದೇ ಪಿಸ್ತೂಲ್ ಮಾಡಲು ಶುರು ಮಾಡಿತು. ಯುದ್ಧ ಮುಗಿದ ಮೇಲೆ ವಾಷಿಂಗ್ ಮೆಷಿನ್‌ಗೆ ಹೆಸರಾದ ಇಂಗ್ಲಿಸ್ ಇದೇ. ಚೀನಾ ಸರ್ಕಾರದ ಆರ್ಡರ್‌ಗೆ ಅಂತ ಶುರುವಾದ ಕೆಲಸ ಅದು. 1944-45ರಲ್ಲಿ ಸುಮಾರು 1.5 ಲಕ್ಷ ಪಿಸ್ತೂಲ್ ಅಲ್ಲಿಂದ ಹೊರಬಂದವು. ಒಂದು ಬಗೆಯಲ್ಲಿ ದೂರಕ್ಕೆ ತಕ್ಕಂತೆ ಏರಿಸಿ ಇಳಿಸುವ ಸೈಟ್ ಇತ್ತು, ಹಿಡಿಯ ಹಿಂದೆ ಮರದ ಬಟ್ ಸಿಕ್ಕಿಸಲು ಗಾಡಿ ಇತ್ತು. ಇನ್ನೊಂದು ಬಗೆಯಲ್ಲಿ ಸೈಟ್ ಅಲುಗಾಡದ್ದು.

ಇದೇ ಇಂಗ್ಲಿಸ್ ಮಾದರಿಯ ಜಾಡಿನಲ್ಲಿ ಇಷಾಪುರದಲ್ಲಿ ನಮ್ಮ 1ಎ ಬಂತು. ಆರ್ಡ್ನೆನ್ಸ್ ಫ್ಯಾಕ್ಟರಿ ಬೋರ್ಡ್ ಅನ್ನು 2021ರ ಅಕ್ಟೋಬರ್ 1ರಿಂದ ಏಳು ಕಂಪನಿಗಳಾಗಿ ಒಡೆದಾಗ ಇಷಾಪುರದ ಕಾರ್ಖಾನೆ ಕಾನ್ಪುರದ ಎಡಬ್ಲ್ಯುಇಐಎಲ್ ಕಂಪನಿಯ ಕೆಳಗೆ ಸೇರಿತು.

ಇಷ್ಟೇ ಅಲ್ಲ. ಅರ್ಜೆಂಟೀನಾ ಲೈಸೆನ್ಸ್ ತಗೊಂಡು ಮಾಡಿತು. ಹಂಗೇರಿಯ ಎಫ್‌ಇಜಿ, ಬಲ್ಗೇರಿಯಾದ ಆರ್ಕಸ್, ಟರ್ಕಿಯ ಕೆಲವು ಕಂಪನಿಗಳು ನಕಲು ಮಾಡಿದವು. ಎಫ್.ಎನ್. ತಾನೇ ಹಲವು ಸಲ ಬದಲಾವಣೆ ಮಾಡಿತು. ಕೊನೆಯ ವರ್ಷಗಳ ಪಿಸ್ತೂಲ್‌ಗಳ ಮೇಲೆ 'ಬೆಲ್ಜಿಯಂನಲ್ಲಿ ತಯಾರಿ, ಪೋರ್ಚುಗಲ್‌ನಲ್ಲಿ ಜೋಡಣೆ' ಅಂತ ಅಚ್ಚು ಇರುತ್ತೆ.

ನಿಂತಿದ್ದು ಯಾಕೆ?

1980ರ ದಶಕದಲ್ಲಿ ಆಸ್ಟ್ರಿಯಾದ ಗ್ಲಾಕ್ ಬಂತು. ಕೆಳಭಾಗ ಪಾಲಿಮರ್, ಅಂದ್ರೆ ಗಟ್ಟಿ ಪ್ಲಾಸ್ಟಿಕ್. ಹಗುರ, ತುಕ್ಕಿನ ಕಾಟ ಕಡಿಮೆ, ಮಾಡೋ ಖರ್ಚೂ ಕಡಿಮೆ. ಹೈ-ಪವರ್‌ನ ಉಕ್ಕಿನ ಫ್ರೇಮ್ ಕಡೆಯೋಕೆ ಮೆಷಿನ್ ಸಮಯ ಬೇಕು, ಜೋಡಿಸೋಕೆ ಕೈ ಪಳಗಿದ ಕೆಲಸಗಾರ ಬೇಕು. ಲೆಕ್ಕ ಕೂಡಲಿಲ್ಲ.

ಸೇನೆಗಳು ಒಂದೊಂದಾಗಿ ಬಿಟ್ಟವು. ಬ್ರಿಟನ್ 2013ರಲ್ಲಿ ಗ್ಲಾಕ್ 17 ಆರಿಸಿಕೊಂಡಿತು. ಕೆನಡಾ 2022ರಲ್ಲಿ ಸಿಗ್ ಸೌವರ್ ಪಿ320 ಆರಿಸಿತು. ನಡುವೆ 2018ರ ಹೊತ್ತಿಗೆ ಎಫ್.ಎನ್. ತಯಾರಿ ನಿಲ್ಲಿಸಿತು. ಎಂಬತ್ತಕ್ಕೂ ಹೆಚ್ಚು ವರ್ಷ ಓಡಿದ ಸಾಲು ಅದು.

ಮೊದಲು ಕೈಕೊಡೋದು ಯಾವುದು?

ಪಿಸ್ತೂಲ್ ಅಂದ್ರೆ ಒಂದು ವಸ್ತು ಅಲ್ಲ, ಹಲವು ಭಾಗ ಸೇರಿದ ಯಂತ್ರ. ಎಲ್ಲವೂ ಒಂದೇ ವೇಗದಲ್ಲಿ ಸವೆಯಲ್ಲ.

*ಸ್ಪ್ರಿಂಗ್‌ಗಳು.* ಮೊದಲು ಸೋಲೋದು ಇವೇ. ಸ್ಲೈಡ್ ಹಿಂದೆ ಹೋಗಿ ಮುಂದೆ ಬರೋ ಸ್ಪ್ರಿಂಗ್ ಬಲ ಕಳಕೊಂಡರೆ ಸ್ಲೈಡ್ ಪ್ರತಿ ಸಲವೂ ಫ್ರೇಮ್‌ಗೆ ಜೋರಾಗಿ ಬಡಿಯುತ್ತೆ. ಅಗ್ಗದ ಸ್ಪ್ರಿಂಗ್ ಬದಲಿಸದೆ ಬಿಟ್ಟಿದ್ದಕ್ಕೆ ಫ್ರೇಮೇ ಬಿರುಕು ಬಿಡೋ ಸಂದರ್ಭ ಉಂಟು.

*ಎಕ್ಸ್‌ಟ್ರಾಕ್ಟರ್.* ಹಾರಿಸಿದ ಮೇಲೆ ಖಾಲಿ ಕೇಸ್ ಹಿಡಿದು ಎಳೆಯೋ ಕೊಕ್ಕೆ ಇದು. ಬಿಗಿ ಕಳಕೊಂಡರೆ ಕೇಸ್ ಒಳಗೇ ಸಿಕ್ಕಿ ಪಿಸ್ತೂಲ್ ಜಾಮ್.

*ಮ್ಯಾಗಜಿನ್.* ಬಾಯಿ ಸ್ವಲ್ಪ ಅಗಲ ಆದರೂ ಗುಂಡು ಓರೆಯಾಗಿ ಏರುತ್ತೆ. ಹೈ-ಪವರ್‌ನಲ್ಲಿ ಇನ್ನೊಂದು ವಿಶೇಷ: ಮ್ಯಾಗಜಿನ್ ಹಾಕದಿದ್ದರೆ ಟ್ರಿಗರ್ ಕೆಲಸ ಮಾಡಲ್ಲ. ಹಾಗಾಗಿ ಮ್ಯಾಗಜಿನ್ ಕಳೆದರೆ ಪಿಸ್ತೂಲೇ ಮೂಕ.

*ಬ್ಯಾರೆಲ್.* ನಿಧಾನ ಸವೆಯುತ್ತೆ. ಹಳೇ ಬ್ಯಾರೆಲ್‌ಗಳಲ್ಲಿ ಗುಂಡು ಜಾರಿ ಒಳಹೋಗೋ ಇಳಿಜಾರಿನಲ್ಲಿ ಸಣ್ಣ ಉಬ್ಬು ಇರುತ್ತಿತ್ತು. ಸೇನೆಯ ದುಂಡು ಮೂತಿ ಗುಂಡಿಗೆ ತೊಂದರೆ ಇಲ್ಲ, ತೂತು ಮೂತಿಯ ಗುಂಡು ಹಾಕಿದರೆ ಸಿಕ್ಕಿಕೊಳ್ಳುತ್ತೆ. ಇದು ಸವೆತ ಅಲ್ಲ, ಆ ಕಾಲದ ವಿನ್ಯಾಸ.

*ಫ್ರೇಮ್.* ಇದಕ್ಕೆ ಬದಲಿ ಇಲ್ಲ ಅಂತಲೇ ಅಂದುಕೊಳ್ಳಬೇಕು. ನಂಬರ್ ಇರೋದು ಇದರ ಮೇಲೆ. ಫ್ರೇಮ್ ಹೋದರೆ ಆ ಪಿಸ್ತೂಲ್ ಹೋಯಿತು. ಉಳಿದದ್ದು ಬೇರೆ ಪಿಸ್ತೂಲ್‌ಗಳಿಗೆ ಬಿಡಿಭಾಗ.

ಬಿಡಿಭಾಗ ಬರೋ ನಾಲ್ಕು ದಾರಿ

ತಯಾರಿ ನಿಂತ ಮೇಲೆ ಜಗತ್ತಿನಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ಈ ಪಿಸ್ತೂಲ್ ಹೇಗೆ ಉಸಿರಾಡ್ತಿದೆ?

ಒಂದು, ಉಳಿದ ಹಳೇ ಸ್ಟಾಕ್. ಕಾರ್ಖಾನೆ ಮಾಡಿಟ್ಟ, ಯಾರೂ ಬಳಸದ ಭಾಗ. ವರ್ಷ ಕಳೆದ ಹಾಗೆ ಕಡಿಮೆ ಆಗುತ್ತೆ, ಬೆಲೆ ಏರುತ್ತೆ.

ಎರಡು, ಸೇನೆ ಮತ್ತು ಪೊಲೀಸರು ಬಿಟ್ಟ ಪಿಸ್ತೂಲ್. ಇಸ್ರೇಲ್ ಪೊಲೀಸರು ಬಳಸಿ ಬಿಟ್ಟ ಹೈ-ಪವರ್‌ಗಳು ಅಮೆರಿಕದ ಮಾರುಕಟ್ಟೆಗೆ ಬಂದವು. ಚೆನ್ನಾಗಿದ್ದವು ಪಿಸ್ತೂಲ್ ಆಗಿಯೇ ಮಾರಾಟ ಆದವು. ಹಾಳಾದವನ್ನು ಬಿಚ್ಚಿದರೆ ಭಾಗ ಸಿಗುತ್ತೆ. ಗುಜರಿ ಕಾರಿನಿಂದ ಗೇರ್‌ಬಾಕ್ಸ್ ತೆಗೆದ ಹಾಗೆ.

ಮೂರು, ಬಿಡಿಭಾಗ ಮಾತ್ರ ಮಾಡೋ ಕಂಪನಿಗಳು. ಇಟಲಿಯ ಮೆಕ್-ಗಾರ್ ಮ್ಯಾಗಜಿನ್ ಮಾಡುತ್ತೆ. ಅಮೆರಿಕದಲ್ಲಿ ವೂಲ್ಫ್ ಸ್ಪ್ರಿಂಗ್ ಮಾಡುತ್ತೆ, ಬಾರ್-ಸ್ಟೊ ಬ್ಯಾರೆಲ್ ಮಾಡುತ್ತೆ, ಸಿಲಿಂಡರ್ ಅಂಡ್ ಸ್ಲೈಡ್ ಹ್ಯಾಮರ್ ಮುಂತಾದ ಒಳಭಾಗ ಮಾಡಿದೆ. ದುಬಾರಿ ಇರಬಹುದು, ಆದರೆ ಹೊಸದು.

ನಾಲ್ಕು, ಹೊಸ ನಕಲು ಪಿಸ್ತೂಲ್‌ಗಳು. 2021ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಎಸ್‌ಎ-35 ಅಂತ ತಂದಿತು. ಟರ್ಕಿಯ ಗಿರ್ಸಾನ್ ಎಂಸಿ ಪಿ35 ತಂದಿತು. ಹಳೇ ಮಾದರಿಗೆ ಹತ್ತಿರ ಇರೋದರಿಂದ ಇವುಗಳ ಹಲವು ಭಾಗ ಹಳೇ ಪಿಸ್ತೂಲ್‌ಗೂ ಕೂರುತ್ತವೆ. ಸತ್ತಿದೆ ಅಂದುಕೊಂಡ ಮಾದರಿಗೆ ಮತ್ತೆ ಜೀವ ಬಂದಿದ್ದು ಹೀಗೆ.

ಹೆಸರು ಅದೇ, ಒಳಗೆ ಬೇರೆ

ಇಲ್ಲೇ ಜನ ಮೋಸ ಹೋಗೋದು. 'ಹೈ-ಪವರ್ ಭಾಗ' ಅಂತ ಬರೆದಿದೆ ಅಂದ ಮಾತ್ರಕ್ಕೆ ಕೂರುತ್ತೆ ಅಂತಲ್ಲ.

- 1962ರ ಸುಮಾರಿಗೆ ಎಫ್.ಎನ್. ಎಕ್ಸ್‌ಟ್ರಾಕ್ಟರ್ ಬದಲಾಯಿಸಿತು. ಮುಂಚಿನದು ಸ್ಲೈಡ್ ಒಳಗೆ ಉದ್ದಕ್ಕೆ ಕೂರೋ ಪಟ್ಟಿ. ನಂತರದ್ದು ಸ್ಲೈಡ್ ಹೊರಗೆ ಕಾಣೋ ಕೊಕ್ಕೆ. ಸ್ಲೈಡ್ ಕಡೆದಿರೋದೇ ಬೇರೆ ಥರ. ಒಂದರದ್ದು ಇನ್ನೊಂದಕ್ಕೆ ಕೂರಲ್ಲ.
- ಮುಂದೆ ಬಂದ ಮಾರ್ಕ್ 3 ಮಾದರಿಯಲ್ಲಿ ಫೈರಿಂಗ್ ಪಿನ್ ತಡೆಯೋ ಸೇಫ್ಟಿ ಸೇರಿತು. ಟ್ರಿಗರ್ ಪೂರ್ತಿ ಒತ್ತದೆ ಪಿನ್ ಮುಂದೆ ಹೋಗಲ್ಲ. ಆದ್ದರಿಂದ ಹಳೇ ಫೈರಿಂಗ್ ಪಿನ್ ಇದಕ್ಕಲ್ಲ.
- .40 ಬೋರ್‌ನ ಹೈ-ಪವರ್ ಕೂಡ ಇದೆ. ಅದರ ಸ್ಲೈಡ್, ಬ್ಯಾರೆಲ್ 9 ಎಂ.ಎಂ.ಗೆ ಆಗಲ್ಲ.
- ಹಂಗೇರಿಯ ಎಫ್‌ಇಜಿ ಪಿ9ಎಂ ಒಳಗೂ ಹೊರಗೂ ಹೈ-ಪವರ್. ಅದೇ ಕಂಪನಿಯ ಪಿ9ಆರ್ ಹೊರಗೆ ನೋಡೋಕೆ ಅದೇ ಥರ, ಒಳಗೆ ಟ್ರಿಗರ್ ವ್ಯವಸ್ಥೆ ಬೇರೆ ಪಿಸ್ತೂಲ್‌ನದ್ದು. ಫೋಟೊ ನೋಡಿ ಭಾಗ ತರಿಸಿದವರು ಪೆಟ್ಟು ತಿಂತಾರೆ.
- ದೊಡ್ಡ ಅಚ್ಚರಿ ಎಫ್.ಎನ್.ನದ್ದೇ. 2022ರಲ್ಲಿ ಕಂಪನಿ 'ಹೈ ಪವರ್' ಹೆಸರಲ್ಲೇ ಹೊಸ ಪಿಸ್ತೂಲ್ ಬಿಟ್ಟಿತು. ಮ್ಯಾಗಜಿನ್‌ಗೆ 17 ಗುಂಡು. ಹಳೇದರ ಮ್ಯಾಗಜಿನ್ ಇದಕ್ಕೆ ಹೋಗಲ್ಲ, ಇದರ ಭಾಗ ಹಳೇದಕ್ಕೆ ಬರಲ್ಲ. ಅಪ್ಪನ ಮನೆಯ ಹೆಸರು ಇದೆ, ಬೀಗ ಮಾತ್ರ ಬೇರೆ.

ಅಂದ್ರೆ ಮೊದಲ ಕೆಲಸ ಭಾಗ ಹುಡುಕೋದಲ್ಲ. ಕೈಯಲ್ಲಿರೋದು ಯಾವ ದೇಶದ್ದು, ಯಾವ ಕಾಲದ್ದು, ಯಾವ ಮಾರ್ಕ್ ಅಂತ ಗುರುತಿಸೋದು. ಅಚ್ಚು, ನಂಬರ್, ಎಕ್ಸ್‌ಟ್ರಾಕ್ಟರ್ ಇರೋ ಜಾಗ, ಸೈಟ್, ಸೇಫ್ಟಿ ಒಂದು ಕಡೆಯೋ ಎರಡೂ ಕಡೆಯೋ, ಇವಿಷ್ಟು ನೋಡಿದರೆ ಬಹುಪಾಲು ಗೊತ್ತಾಗುತ್ತೆ. ಕೂತ ಭಾಗವೂ ಹಾಗೇ ಬಳಸೋದಕ್ಕಲ್ಲ. ಒಂದು ಎಳೆ ಹೆಚ್ಚು-ಕಡಿಮೆ ಇದ್ದರೆ ಟ್ರಿಗರ್ ಮುಟ್ಟದೆ ಹ್ಯಾಮರ್ ಬೀಳಬಹುದು. ಅದನ್ನು ಅಳೆದು ಸರಿ ಅನ್ನಬೇಕಾದವನು ಲೈಸೆನ್ಸ್ ಇರೋ ಆರ್ಮರರ್.

ಕೆನಡಾ ಕಲಿಸಿದ ಪಾಠ

ಇಂಗ್ಲಿಸ್ ಕಾರ್ಖಾನೆ 1945ರಲ್ಲಿ ಪಿಸ್ತೂಲ್ ಮಾಡೋದು ನಿಲ್ಲಿಸಿತು. ಕೆನಡಾ ಸೇನೆ ಅವೇ ಪಿಸ್ತೂಲ್‌ಗಳನ್ನ 2022 ದಾಟಿಯೂ ಬಳಸುತ್ತಿತ್ತು. ಅಜ್ಜ ಹಿಡಿದ ಪಿಸ್ತೂಲ್ ಮೊಮ್ಮಗನ ಸೊಂಟಕ್ಕೆ ಬಂದ ಲೆಕ್ಕ.

ಹೇಗೆ ಸಾಧ್ಯ ಆಯ್ತು? ಮೂರು ಕೆಟ್ಟಿದ್ದನ್ನು ಬಿಚ್ಚಿ ಒಂದನ್ನು ಓಡಿಸೋದು. ಇದು ಕೆಲವು ಕಾಲ ನಡೆಯುತ್ತೆ. ಆದರೆ ಪ್ರತಿ ರಿಪೇರಿಗೂ ಒಟ್ಟು ಪಿಸ್ತೂಲ್ ಸಂಖ್ಯೆ ಕಡಿಮೆ ಆಗುತ್ತೆ. ಎಲ್ಲದರಲ್ಲೂ ಸವೆಯೋದು ಅದೇ ಭಾಗ ಆಗಿರೋದರಿಂದ ಬಿಚ್ಚಿದ ಪಿಸ್ತೂಲ್‌ನಲ್ಲೂ ಬೇಕಾದ್ದು ಸವೆದೇ ಇರುತ್ತೆ. ಕೊನೆಗೆ ಅಲ್ಲಿನ ಸೇನೆಯೇ ಹೊಸ ಪಿಸ್ತೂಲ್ ತರಬೇಕಾಯಿತು.

ಉಕ್ಕು ಗಟ್ಟಿ, ನಿಜ. ಆದರೆ ಉಕ್ಕಿನ ಪಿಸ್ತೂಲ್‌ನ ಆಯುಸ್ಸು ಉಕ್ಕಿನ ಕೈಯಲ್ಲಿಲ್ಲ. ಅದರ ಸ್ಪ್ರಿಂಗ್, ಕೊಕ್ಕೆ, ಪಿನ್ ಮಾಡೋ ಯಾರೋ ಒಬ್ಬರ ಕೈಯಲ್ಲಿದೆ.

ನಮ್ಮಲ್ಲಿ ಕಾನೂನು ಏನು ಹೇಳುತ್ತೆ?

ಅಮೆರಿಕದ ವಿಡಿಯೊ ನೋಡಿ 'ಆನ್‌ಲೈನಲ್ಲಿ ತರಿಸಿಕೊಂಡ್ರಾಯ್ತು' ಅನ್ನೋರು ಇದನ್ನ ಓದಲೇಬೇಕು.

ಅಮೆರಿಕದ ಕಾನೂನಿನಲ್ಲಿ ಪಿಸ್ತೂಲ್‌ನ ಫ್ರೇಮ್ ಮಾತ್ರ 'ಬಂದೂಕು'. ಉಳಿದ ಬಹುತೇಕ ಭಾಗ ಅಂಚೆಯಲ್ಲೇ ಬರುತ್ತೆ. ಭಾರತದಲ್ಲಿ ಹಾಗಿಲ್ಲ. 1959ರ ಆರ್ಮ್ಸ್ ಆಕ್ಟ್ ಪ್ರಕಾರ ಆಯುಧದ ಬಿಡಿಭಾಗವೂ ಆಯುಧವೇ. ಹೊರದೇಶದಿಂದ ತರಿಸೋಕೆ ಸೆಕ್ಷನ್ 10ರ ಪ್ರಕಾರ ಲೈಸೆನ್ಸ್ ಬೇಕು. ಇಲ್ಲದೆ ತರಿಸಿದರೆ ಪಾರ್ಸಲ್ ಕಸ್ಟಮ್ಸ್‌ನಲ್ಲಿ ನಿಲ್ಲುತ್ತೆ, ಕೇಸ್ ಮನೆಗೆ ಬರುತ್ತೆ.

ಇನ್ನೊಂದು, 9 ಎಂ.ಎಂ. ನಮ್ಮಲ್ಲಿ ಪ್ರೊಹಿಬಿಟೆಡ್ ಬೋರ್. ಸೇನೆ, ಪೊಲೀಸರ ಬಳಕೆಯದ್ದು. ಸಾಮಾನ್ಯ ಲೈಸೆನ್ಸ್‌ನಲ್ಲಿ ಸಿಗಲ್ಲ, ಕೇಂದ್ರ ಸರ್ಕಾರದ ವಿಶೇಷ ಅನುಮತಿ ಬೇಕು. ಹಾಗಾಗಿ ಇಲ್ಲಿನ ಓದುಗರಿಗೆ ಹೈ-ಪವರ್ ತಿಳಿದುಕೊಳ್ಳೋ ವಸ್ತು, ಇಟ್ಟುಕೊಳ್ಳೋ ವಸ್ತು ಅಲ್ಲ. ಆದರೆ ಅದರ ಪಾಠ ಮನೆಯ ಕೋವಿಗೂ ಹೊಂದುತ್ತೆ.

ಕೊಡಗಿನ ವಿನಾಯಿತಿ ಬಗ್ಗೆಯೂ ಗೊಂದಲ ಇದೆ. ಬ್ರಿಟಿಷರ ಕಾಲದಿಂದ ಬಂದ ಈ ವಿನಾಯಿತಿಯನ್ನ ಕೇಂದ್ರ ಗೃಹ ಇಲಾಖೆ 2019ರಲ್ಲಿ ಹತ್ತು ವರ್ಷಕ್ಕೆ, ಅಂದ್ರೆ 2029ರ ಅಕ್ಟೋಬರ್‌ವರೆಗೆ, ಮುಂದುವರಿಸಿತು. ಅದನ್ನು ಪ್ರಶ್ನಿಸಿದ್ದ ಅರ್ಜಿಯಲ್ಲಿ 2021ರಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನ ಎತ್ತಿಹಿಡಿಯಿತು. ಆದರೆ ಅದು ಇರೋದು ಆಯುಧ ಇಟ್ಟುಕೊಳ್ಳೋ, ಒಯ್ಯೋ ವಿಷಯದ ಸೆಕ್ಷನ್ 3 ಮತ್ತು 4ರಿಂದ. ತಯಾರಿ, ಮಾರಾಟ, ರಿಪೇರಿಯ ಸೆಕ್ಷನ್ 5 ಎಲ್ಲರಿಗೂ ಒಂದೇ. ಲೈಸೆನ್ಸ್ ಇಲ್ಲದೆ ಆ ಕೆಲಸ ಮಾಡಿದರೆ 2019ರ ತಿದ್ದುಪಡಿ ನಂತರ ಕನಿಷ್ಠ 7 ವರ್ಷ ಜೈಲು, ಜೀವಾವಧಿವರೆಗೂ ಹೋಗಬಹುದು.

ಮನೆಯಲ್ಲಿ ಹಳೇ ಕೋವಿ ಇದ್ದರೆ

- ಮೊದಲು ಖಾಲಿ ಇದೆಯಾ ನೋಡಿ. ಖಾಲಿ ಅಂತ ಗೊತ್ತಿದ್ದರೂ ಮತ್ತೆ ನೋಡಿ. ಪೂಜೆಗೆ ಇಳಿಸುವಾಗಲೂ ಅಷ್ಟೇ.
- ಅಚ್ಚು, ನಂಬರ್, ತಯಾರಕರ ಹೆಸರು ಬರೆದಿಟ್ಟುಕೊಳ್ಳಿ. ನಂಬರ್ ಉಜ್ಜೋದು, ಹೊಸದಾಗಿ ಹೊಡೆಸೋದು ಸೆಕ್ಷನ್ 8ರ ಪ್ರಕಾರ ಅಪರಾಧ. ಪಾಲಿಶ್ ಮಾಡಿಸುವಾಗ ಗೊತ್ತಿಲ್ಲದೇ ಅಳಿಸಿಹೋದರೂ ತೊಂದರೆಯೇ.
- ಕುಲುಮೆಯವರ ಹತ್ತಿರ, ಲೇತ್ ಅಂಗಡಿಯಲ್ಲಿ ಭಾಗ ಮಾಡಿಸಬೇಡಿ. ಮಾಡಿಕೊಟ್ಟವರೂ ಸಿಕ್ಕಿಹಾಕಿಕೊಳ್ತಾರೆ. ಕಬ್ಬಿಣದ ಹದ ಗೊತ್ತಿಲ್ಲದ ಪಿನ್ ಮುಖದ ಹತ್ತಿರ ಸಿಡಿಯೋದೂ ಉಂಟು.
- ರಿಪೇರಿ ಲೈಸೆನ್ಸ್ ಇರೋ ಡೀಲರ್ ಹತ್ತಿರವೇ ಒಯ್ಯಿರಿ. ಕೊಟ್ಟಿದ್ದಕ್ಕೆ ರಸೀದಿ ಪಡೆಯಿರಿ, ಯಾವ ಭಾಗ ಬದಲಾಯಿತು ಅಂತ ಬರೆಸಿಕೊಳ್ಳಿ.
- ಬದಲಿಸಿದ ಹಳೇ ಭಾಗವನ್ನೂ ವಾಪಸ್ ಕೇಳಿ ಪಡೆದು ಚೀಟಿ ಅಂಟಿಸಿ ಇಡಿ. ಮುಂದೆ ಅಳತೆಗೆ ಅದೇ ಆಧಾರ.
- ಫ್ರೇಮ್, ಬ್ಯಾರೆಲ್‌ನಲ್ಲಿ ಕೂದಲೆಳೆ ಬಿರುಕು ಕಂಡರೂ ಹಾರಿಸಬೇಡಿ. ಅದು ಇನ್ನು ಮುಂದೆ ಪೂಜೆಯ ಕೋವಿ ಮಾತ್ರ.
- ಇಟ್ಟುಕೊಂಡವರು ತೀರಿಕೊಂಡರೆ ಮನೆಯವರು ಸುಮ್ಮನೆ ಇಟ್ಟುಕೊಳ್ಳೋ ಹಾಗಿಲ್ಲ. ಲೈಸೆನ್ಸ್ ಆಯುಧವನ್ನ ಸೆಕ್ಷನ್ 21ರ ಪ್ರಕಾರ ತಡ ಮಾಡದೆ ಠಾಣೆಗೆ ಅಥವಾ ಲೈಸೆನ್ಸ್ ಇರೋ ಡೀಲರ್ ಹತ್ತಿರ ಡಿಪಾಸಿಟ್ ಮಾಡಿ, ಆಮೇಲೆ ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು. ವಿನಾಯಿತಿ ಇರೋ ಮನೆಯವರು ಕೂಡ ಡಿಸಿ ಕಚೇರಿಯಲ್ಲಿ ದಾಖಲೆ ವಿಚಾರಿಸೋದು ಒಳ್ಳೇದು.

ಹೈ-ಪವರ್‌ನ ಕಥೆಯಲ್ಲಿ ಎಫ್.ಎನ್. ನಿಂತರೂ ಬೇರೆಯವರು ಭಾಗ ಮಾಡಿದರು, ಹಾಗಾಗಿ ಅದು ಉಳೀತು. ಎಲ್ಲ ಕೋವಿಗೂ ಆ ಅದೃಷ್ಟ ಇಲ್ಲ. ಭಾಗ ಸಿಗದ ಕೋವಿಯನ್ನ ಹೇಗಾದರೂ ಹಾರಿಸಲೇಬೇಕು ಅಂತೇನಿಲ್ಲ. ನಂಬರ್ ಉಳಿಸಿ, ಎಣ್ಣೆ ಹಚ್ಚಿ, ಖಾಲಿ ಮಾಡಿ ಇಟ್ಟರೆ ಅದು ಇನ್ನೂ ನೂರು ಕೈಲ್‌ಪೊಳ್ದ್ ನೋಡುತ್ತೆ.